ಕಾರ್ಡು ಹೋದ ಮೇಲೆ

ಬಿಳಿಗೆರೆ ಕಡೆ ಬಿಪಿಎಲ್ ಕಾರ್ಡು ಎಪಿಎಲ್ ಆದವರಿದ್ದರೆ ಅಕ್ಕಿಯ ಲೆಕ್ಕವನ್ನಷ್ಟೇ ಹಾಕಬೇಡಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದ್ದ ಉಚಿತ ಚಿಕಿತ್ಸೆಯೂ ಹೋಗುತ್ತದೆ. ಎಪಿಎಲ್‌ನವರಿಗೆ ಸಿಗುವುದು ಪ್ಯಾಕೇಜ್ ದರದ ಶೇ 30 ಮಾತ್ರ. ಬದಲಿಗೆ ಖಾಸಗಿ ವಿಮೆ ಮಾಡಿಸೋಣವೆಂದರೆ, ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ಅಷ್ಟು ದಿನ ಅಪ್ಪನ ಎದೆನೋವು ಸುಮ್ಮನಿರುತ್ತದೆಯೇ?

ಡೇರಿಗೆ ಹಾಲು ಹಾಕುವವರು, ಸೊಸೈಟಿ ಸದಸ್ಯರು ಸಹಕಾರ ಸಂಘದವರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಯ ಬಗ್ಗೆ ಕಾರ್ಯದರ್ಶಿಯನ್ನು ಕೇಳಿ. 2018ರಲ್ಲಿ ನಿಂತುಹೋಗಿತ್ತು, 2022-23ರಲ್ಲಿ ಮತ್ತೆ ಬಂತು. ಆಗ ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ ಇಟ್ಟದ್ದು 500 ರೂಪಾಯಿ. ನನಗಂತೂ ಇದು ದೊಡ್ಡ ಆಸರೆಯಾಗಿಯೇ ಕಾಣುತ್ತದೆ. ಆದರೆ ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ. ಕೊಬ್ಬರಿ ದುಡ್ಡು ಕೈಗೆ ಬಂದಾಗ ಮೊದಲು ಇದಕ್ಕೆ ಎತ್ತಿಡಿ.