ಹದಿನೇಳು ಇಂಚಿನ ಅಲಾಯ್

ನಮ್ಮ ಅಕ್ಕನ ಮಗ 2018ರಲ್ಲಿ ಸೆಕೆಂಡ್ ಹ್ಯಾಂಡಿನ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ತೆಗೆದುಕೊಂಡ. 2014ರ ಮಾಡೆಲ್ಲು, ಕೆಂಪು ಬಣ್ಣ. ನೋಡಲು ಪುಟ್ಟ ಗಾಡಿ. ಆದರೆ ಬಾನೆಟ್ಟಿನ ಕೆಳಗಿದ್ದ 1.2 ಲೀಟರಿನ ಟರ್ಬೊ ಎಂಜಿನ್ನಿಗೆ 105 ಅಶ್ವಶಕ್ತಿ, ಜೊತೆಗೆ ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಹುಡುಗರಿಗೆ ಪಾಠ ಹೇಳಿಕೊಂಡೇ ಆಯುಸ್ಸು ಕಳೆದ ನನಗೆ ಗಾಡಿ ಕಂಡರೆ ಮೊದಲಿನಿಂದಲೂ ಪ್ರೀತಿ. ಅವನು ಬೀಗದ ಕೈ ಕೊಟ್ಟು ಓಡಿಸಿ ಅಂದಾಗ ಮೈಸೂರು ರಸ್ತೆಯಲ್ಲಿ ಬಿಡದಿಯವರೆಗೆ ಹೋಗಿಬಂದೆ. ಇದನ್ನು ಮಾಡಿದವರಿಗೆ ಗಾಡಿ ಓಡಿಸುವ ಸುಖ ಗೊತ್ತು ಅನ್ನಿಸಿತು.

ಹುಡುಗನಿಗಿದ್ದ ಕೊರಗು ಒಂದೇ, ಗಾಲಿ. ಆ ವರ್ಷದ ಜಿಟಿಗೆ ಬರುತ್ತಿದ್ದದ್ದು 15 ಇಂಚಿನ ಅಲಾಯ್, 185/60 ಟೈರು. "ಮಾಮ, ಎಂಥಾ ಗಾಡಿ ಇದು! ಗಾಲಿ ಮಾತ್ರ ಸಪ್ಪೆ. ಮಡ್‌ಗಾರ್ಡಿನ ಕೆಳಗೆ ಎಷ್ಟು ಜಾಗ ಖಾಲಿ ಬಿದ್ದಿದೆ ನೋಡಿ" ಅಂತ ಫೋನಿನಲ್ಲಿ ಒಂದಾದ ಮೇಲೊಂದು ಫೋಟೊ ತೋರಿಸಿದ. ಎಲ್ಲದರಲ್ಲೂ 17 ಇಂಚಿನ ಅಲಾಯ್, ಅದಕ್ಕೆ ಅಂಟಿಕೊಂಡಂತಿದ್ದ 205/45 ಟೈರು. ಚೆಂದ ಕಾಣುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ.

ನಾನು ಪೇಪರಿನ ಅಂಚಿನಲ್ಲೇ ಲೆಕ್ಕ ಬರೆದು ಮುಂದಿಟ್ಟೆ. ಟೈರಿನ ಮೇಲೆ 185/60 ಅಂತ ಬರೆದಿದ್ದರೆ ಅದರ ಅಗಲ 185 ಮಿಲಿಮೀಟರ್, ಸೈಡ್‌ವಾಲಿನ ಎತ್ತರ ಆ ಅಗಲದ ಶೇಕಡ 60. ಅಂದರೆ ರಿಮ್ಮಿನಿಂದ ರಸ್ತೆಯವರೆಗೆ 111 ಮಿಲಿಮೀಟರ್ ಗಾಳಿಯ ಮೆತ್ತೆ. 205/45ಕ್ಕೆ ಇದೇ ಲೆಕ್ಕ ಹಾಕಿದರೆ ಉಳಿಯುವುದು 92. ಗಾಲಿಯ ಒಟ್ಟು ಎತ್ತರ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ರಿಮ್ಮು ದೊಡ್ಡದಾದಷ್ಟು ರಬ್ಬರು ತೆಳುವಾಗುತ್ತದೆ, ಅಷ್ಟೆ.

"ಹತ್ತೊಂಬತ್ತು ಮಿಲಿಮೀಟರ್ ತಾನೇ ಮಾಮ?" ಅಂದ.

"ಹೌದಪ್ಪ, ಹತ್ತೊಂಬತ್ತೇ. ಗುಂಡಿಗೆ ಬಿದ್ದಾಗ ಬೇಕಾಗೋದು ಆ ಹತ್ತೊಂಬತ್ತೇ" ಅಂದೆ.

ದುಡಿಯುವ ಹುಡುಗ, ಅವನ ದುಡ್ಡು, ಅವನ ಆಸೆ. ಹದಿನೇಳೇ ಬಂತು. ಹಳೆಯ ನಾಲ್ಕು ಗಾಲಿಗಳನ್ನೂ ಅಂಗಡಿಯವನಿಗೇ ಕೊಟ್ಟು ಬರುತ್ತೇನೆ ಅಂದಾಗ ಅಕ್ಕ ಒಪ್ಪಲಿಲ್ಲ. "ಕಂಪನಿಯೋರು ಕೊಟ್ಟಿದ್ದು ಕಣೋ, ಮನೇಲಿರಲಿ" ಅಂತ ಗೋಣಿಚೀಲ ಹೊದಿಸಿ ಮೆಟ್ಟಿಲ ಕೆಳಗೆ ಇಡಿಸಿದಳು.

ಹೊಸ ಗಾಲಿಯಿಂದ ಗುಣವೇ ಆಗಲಿಲ್ಲ ಎಂದರೆ ಅನ್ಯಾಯವಾಗುತ್ತದೆ. ನುಣುಪಾದ ರಸ್ತೆಯಲ್ಲಿ ಸ್ಟಿಯರಿಂಗ್ ತಿರುಗಿಸಿದೊಡನೆ ಗಾಡಿ ತಿರುಗುತ್ತಿತ್ತು. ಸೈಡ್‌ವಾಲ್ ಗಿಡ್ಡವಾದಷ್ಟು ತಿರುವಿನಲ್ಲಿ ಅದರ ಓಲಾಟ ಕಡಿಮೆ, ಹಾಗಾಗಿ ಕೈಗೆ ಸಿಗುವ ಹಿಡಿತ ಚುರುಕು. ಆದರೆ ಫ್ಲೈಓವರಿನ ಒಂದೊಂದು ಜಾಯಿಂಟೂ ಸೊಂಟಕ್ಕೇ ತಾಗುತ್ತಿತ್ತು. ಅಕ್ಕ ಹಿಂದಿನ ಸೀಟಿನಲ್ಲಿ ಕೂತಾಗ ಬೆನ್ನಿಗೆ ದಿಂಬು ತರುವುದನ್ನು ರೂಢಿ ಮಾಡಿಕೊಂಡಳು.

ಆ ವರ್ಷದ ಮಳೆಗಾಲ ಮುಗಿಯುತ್ತ ಬಂದಿತ್ತು. ನೆಂಟರ ಮನೆಯ ಆರತಕ್ಷತೆ ಮುಗಿಸಿಕೊಂಡು ಮೂವರೂ ಹೊರವರ್ತುಲ ರಸ್ತೆಯಲ್ಲಿ ಬರುತ್ತಿದ್ದೆವು. ಸಂಜೆಯಿಂದ ಸುರಿದ ಮಳೆ ಆಗಷ್ಟೇ ಹೊಳವಾಗಿತ್ತು. ನೀರು ನಿಂತ ಗುಂಡಿಗೂ ಒದ್ದೆ ಡಾಂಬರಿಗೂ ರಾತ್ರಿ ಹೊತ್ತು ವ್ಯತ್ಯಾಸವೇ ಕಾಣುವುದಿಲ್ಲ. ಎದುರಿನ ಗಾಡಿಯ ಬೆಳಕು ಎರಡರ ಮೇಲೂ ಒಂದೇ ಸಮ ಹೊಳೆಯುತ್ತದೆ. ನಮ್ಮ ಮುಂದಿದ್ದ ಲಾರಿ ಅಂಥದೊಂದು ಗುಂಡಿಯ ಮೇಲೆಯೇ ಹಾದುಹೋಯಿತು, ಅದಕ್ಕೆ ಏನೂ ಅನ್ನಿಸಿದಂತೆ ಕಾಣಲಿಲ್ಲ. ಹುಡುಗ ಜೋರಾಗಿಯೂ ಓಡಿಸುತ್ತಿರಲಿಲ್ಲ. ಎಡಗಡೆಯ ಮುಂದಿನ ಗಾಲಿ ಧಡ್ ಅಂತ ಇಳಿದು ಏಳುವಷ್ಟರಲ್ಲಿ ಹಿಂದಿನದೂ ಅದೇ ಗುಂಡಿಗೆ ಬಿತ್ತು. ಸ್ಟಿಯರಿಂಗ್ ಎಡಕ್ಕೆ ಎಳೆಯತೊಡಗಿತು. ಫ್ಲೈಓವರಿನ ಕೆಳಗೆ ದೀಪವಿದ್ದ ಕಡೆ ನಿಲ್ಲಿಸಿದ.

ಇಳಿದು ಟಾರ್ಚ್ ಹಿಡಿದೆ. ಮುಂದಿನ ಟೈರಿನಲ್ಲಿ ಒಂದು ತೊಟ್ಟು ಗಾಳಿ ಇರಲಿಲ್ಲ. ಸೈಡ್‌ವಾಲಿನಲ್ಲಿ ಬೆರಳುದ್ದದ ಸೀಳು, ಅದರ ನೇರಕ್ಕೆ ರಿಮ್ಮಿನ ಅಂಚು ಒಳಕ್ಕೆ ಮಡಿಚಿತ್ತು. ಹಿಂದಿನದರಲ್ಲಿ ಗಾಳಿ ಇತ್ತು, ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ. ಮಂಡಿಯೂರಿ ಒಳಗಡೆಗೆ ಕೈ ಹಾಕಿ ಸೈಡ್‌ವಾಲನ್ನು ಸವರುತ್ತ ಹೋದೆ. ಒಂದು ಕಡೆ ಬೆರಳಿಗೆ ಉಬ್ಬು ಸಿಕ್ಕಿತು, ಅರ್ಧ ನಿಂಬೆಹಣ್ಣಿನಷ್ಟು. ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೇಳುತ್ತಿತ್ತು.

ಹುಡುಗನ ಕೈಯನ್ನೂ ಅಲ್ಲಿಗೆ ಇಡಿಸಿದೆ. ಗುಂಡಿಯ ಆಚೆಯ ಅಂಚಿಗೆ ಗಾಲಿ ಬಡಿದಾಗ ಸೈಡ್‌ವಾಲ್ ರಿಮ್ಮಿಗೂ ಡಾಂಬರಿನ ಅಂಚಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ರಬ್ಬರಿನೊಳಗೆ ಗಾಳಿಯ ಒತ್ತಡ ತಡೆಯುವುದು ನೂಲಿನ ಎಳೆಗಳು. ಅವು ಕಡಿದ ಜಾಗದಲ್ಲಿ ಬರೀ ರಬ್ಬರು ಉಳಿದು ಉಬ್ಬುತ್ತದೆ. ಟ್ರೆಡ್ಡಿಗೆ ಮೊಳೆ ಚುಚ್ಚಿದರೆ ಪಂಕ್ಚರ್ ಹಾಕಬಹುದು, ಈ ಉಬ್ಬಿಗೆ ಮದ್ದಿಲ್ಲ. ಎಲ್ಲಿ, ಯಾವ ವೇಗದಲ್ಲಿ ಒಡೆಯುತ್ತದೆಂದು ಯಾರೂ ಹೇಳಲಾರರು.

ಕೆಟ್ಟದ್ದು ಎರಡು ಗಾಲಿ, ಇದ್ದದ್ದು ಒಂದು ಸ್ಟೆಪ್ನಿ. "ಹಿಂದಿನದು ಹೇಗೂ ನಿಂತಿದೆ, ನಿಧಾನಕ್ಕೆ ಹೋಗಿಬಿಡೋಣ ಮಾಮ" ಅಂದ. ನನ್ನ ದನಿ ಏರಿತು. "ಆ ಟೈರಿನ ಮೇಲೆ ನಿಮ್ಮಮ್ಮನ್ನ ಕೂರಿಸ್ಕೊಂಡು ಒಂದು ಫರ್ಲಾಂಗೂ ಹೋಗೋದು ಬೇಡ." ಅಕ್ಕನನ್ನು ಆಟೊ ಹತ್ತಿಸಿ ಕಳಿಸಿದೆವು. ಗಾಡಿಯನ್ನು ಟೋಯಿಂಗ್ ಲಾರಿಯ ಮೇಲೆ ಏರಿಸಿ ಮನೆ ಸೇರುವಾಗ ಹಾಲಿನವರು ಬರುವ ಹೊತ್ತು.

ಇನ್ಶೂರೆನ್ಸಿನಿಂದ ಏನಾದರೂ ಬರಬಹುದು ಅಂತ ಹುಡುಗ ಬೆಳಿಗ್ಗೆಯೇ ಫೋನ್ ಹಿಡಿದ. ಬರಲಿಲ್ಲ. ನಮ್ಮ ದೇಶದ ಮೋಟಾರ್ ಪಾಲಿಸಿಗಳ ಸಾಮಾನ್ಯ ನಿಯಮದಲ್ಲಿ ಅದೇ ಪೆಟ್ಟಿಗೆ ಗಾಡಿಯೂ ಜಖಂ ಆಗಿದ್ದರೆ ಮಾತ್ರ ಟೈರಿಗೆ ಪರಿಹಾರ, ಅದೂ ಹೊಸ ಟೈರಿನ ಬೆಲೆಯಲ್ಲಿ ಅರ್ಧ. ಬಂಪರಿಗೊಂದು ಗೀರೂ ಆಗಿರಲಿಲ್ಲ.

ಜೆ.ಸಿ. ರಸ್ತೆಯಲ್ಲಿ ನನಗೆ ಹಳೆಯ ಪರಿಚಯದ ಟೈರ್ ಮೇಸ್ತ್ರಿ ಒಬ್ಬರಿದ್ದರು. ರಿಮ್ಮಿನಿಂದ ಟೈರು ಬಿಚ್ಚಿ, ಮಡಿಚಿದ ಅಂಚಿನ ಹಿಂಭಾಗವನ್ನು ಬಟ್ಟೆಯಿಂದ ಒರೆಸಿ, ಬೆಳಕಿಗೆ ತಿರುಗಿಸಿ ಹಿಡಿದರು. ಕೂದಲೆಳೆಯಷ್ಟು ಬಿರುಕು ಒಳಗಡೆಗೆ ಹರಿದಿತ್ತು. ಬಗ್ಗಿದ ಅಲಾಯನ್ನು ಬಿಸಿ ಮಾಡಿ ನೆಟ್ಟಗೆ ಮಾಡಿಕೊಡುವವರು ಆ ಬೀದಿಯಲ್ಲಿ ಬೇಕಾದಷ್ಟು ಜನ. ಆದರೆ ಎರಕದ ಅಲ್ಯೂಮಿನಿಯಂ ಬಿರುಕು ಬಿಟ್ಟ ಮೇಲೆ ಅದನ್ನು ಮತ್ತೆ ಗಾಡಿಗೆ ಹಾಕಬಾರದು. "ಇದನ್ನ ಗುಜರಿಗೆ ಹಾಕಿ ಸಾರ್. ಕಬ್ಬಿಣದ್ದಾಗಿದ್ರೆ ಬಡಿದು ಕೊಡ್ತಿದ್ದೆ" ಅಂದರು ಮೇಸ್ತ್ರಿ.

ಹುಡುಗ ಸ್ಟೂಲಿನ ಮೇಲೆ ಮುಖ ಸಣ್ಣ ಮಾಡಿಕೊಂಡು ಕೂತಿದ್ದ. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ನಡೆಯುತ್ತಿದ್ದ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಕಥೆಯನ್ನು ಅವನಿಗೆ ಹೇಳಿದ್ದು ಆಗಲೇ. ಮೂರು ಸಲ ಆ ಚಾಂಪಿಯನ್‌ಷಿಪ್ ಗೆದ್ದ ಗೌರವ್ ಗಿಲ್, ಸ್ಕೋಡಾ ಫ್ಯಾಬಿಯಾದಲ್ಲಿ ಕೆಂಪು ಮಣ್ಣು ಎರಚುತ್ತ ತಿರುವಿನಿಂದ ಹೊರಬಿದ್ದದ್ದನ್ನು ನಾನು ಬೇಲಿಯಾಚೆ ನಿಂತು ಕಣ್ಣಾರೆ ಕಂಡಿದ್ದೆ. ಫ್ಯಾಬಿಯಾ ಅಂದರೆ ಪೋಲೊದ ದಾಯಾದಿಯೇ. ಅಷ್ಟು ವೇಗದ ಆ ಗಾಡಿಗೆ ಇದ್ದದ್ದು 15 ಇಂಚಿನ ಗಾಲಿ, ದಪ್ಪ ಸೈಡ್‌ವಾಲಿನ ಟೈರು! ವಿಶ್ವ ರ‍್ಯಾಲಿಯಲ್ಲೂ ಕಲ್ಲುಮಣ್ಣಿನ ದಾರಿಗೆ 15 ಇಂಚು ಹಾಕುತ್ತಾರೆ, ನುಣುಪಾದ ಡಾಂಬರು ಬಂದರೆ ಅದೇ ಗಾಡಿಗೆ 18. ರಸ್ತೆ ನೋಡಿ ಗಾಲಿ ಹಾಕುವವರು ಅವರು. ನಮ್ಮ ಊರಿನ ಮಳೆಗಾಲದ ರಸ್ತೆ ಈ ಎರಡರಲ್ಲಿ ಯಾವುದಕ್ಕೆ ಹತ್ತಿರ ಅನ್ನುವುದನ್ನು ಅವನೇ ಹೇಳಲಿ ಅಂತ ಬಿಟ್ಟೆ.

ಅವನು ತುಸು ಹೊತ್ತು ಸುಮ್ಮನಿದ್ದ. ಆಮೇಲೆ "ಮತ್ತೆ ಹಳೇ ಸೈಜೇನಾ?" ಅಂದ.

ಹಳೆಯದಕ್ಕಿಂತ ಒಳ್ಳೆಯದೊಂದು ಇತ್ತು. ಆ ಮಾಡೆಲ್ಲಿನ ನಂತರ ಕಂಪನಿಯೇ ಜಿಟಿಗೆ 16 ಇಂಚಿನ ಗಾಲಿ ಕೊಟ್ಟಿತ್ತು, ಟೈರು 195/55. ಅದರ ಸೈಡ್‌ವಾಲ್ 107. ಅದೂ ಕೆಟ್ಟ ಆಯ್ಕೆಯಲ್ಲ, ಆದರೆ ಮತ್ತೆ ನಾಲ್ಕು ಅಲಾಯ್ ಕೊಳ್ಳಬೇಕು. ಮೇಸ್ತ್ರಿ ಹೇಳಿದ್ದು ಮನೆಯಲ್ಲಿದ್ದ 15 ಇಂಚಿನ ರಿಮ್ಮಿಗೇ 195/60 ಹಾಕಿಸಿ ಅಂತ. ಸೈಡ್‌ವಾಲ್ 117 ಮಿಲಿಮೀಟರ್, ಅಗಲವೂ 10 ಮಿಲಿಮೀಟರ್ ಹೆಚ್ಚು. ಭಾರ ಹೊರುವ ಶಕ್ತಿಯ ಲೆಕ್ಕವೂ ಟೈರಿನ ಮೇಲೆಯೇ ಇರುತ್ತದೆ. ಅದರ ಮೇಲೆ 88 ಅಂತ ಇತ್ತು, ಅಂದರೆ ಟೈರೊಂದಕ್ಕೆ 560 ಕಿಲೊ. ಬಿಚ್ಚಿಟ್ಟಿದ್ದ 17ರ ಟೈರಿನ ಮೇಲೆ ಇದ್ದದ್ದು 84, ಅಂದರೆ 500 ಕಿಲೊ. ಗಾಲಿಯ ಒಟ್ಟು ಎತ್ತರ ಕಂಪನಿ ಕೊಟ್ಟಿದ್ದ 185/60ರ 603ರಿಂದ 615ಕ್ಕೆ ಏರುವುದರಿಂದ ಮೀಟರು 100 ತೋರಿಸುವಾಗ ವೇಗ ಮೊದಲಿಗಿಂತ ಶೇಕಡ 2ರಷ್ಟು ಹೆಚ್ಚಿರುತ್ತದೆ. ಅದನ್ನೊಂದು ನೆನಪಿಟ್ಟುಕೊಂಡರೆ ಆಯಿತು. ಮೇಸ್ತ್ರಿ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲಿಯೂ ಉಜ್ಜುತ್ತಿಲ್ಲ ಅಂತ ನೋಡಿಯೇ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿ ಕೊಟ್ಟರು.

ಮೆಟ್ಟಿಲ ಕೆಳಗಿನ ಗೋಣಿಚೀಲ ಬಿಚ್ಚುವಾಗ ಅಕ್ಕ ಏನೂ ಆಡಿಕೊಳ್ಳಲಿಲ್ಲ. ಅವಳ ಸ್ವಭಾವವೇ ಹಾಗೆ.

ಅಂದು ಸಂಜೆ ಹುಡುಗ ನನ್ನನ್ನು ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಒಂದು ಸುತ್ತು ಹೊಡೆದ. ಸ್ಟಿಯರಿಂಗಿನ ಚುರುಕು ಒಂದಿಷ್ಟು ತಗ್ಗಿತ್ತು, ನಿಜ. ಆದರೆ ಹಂಪ್ಸ್ ದಾಟಿ ಆಕ್ಸಲರೇಟರ್ ಒತ್ತಿದಾಗ ಗಾಡಿ ಮೊದಲಿಗಿಂತ ಹಗುರವಾಗಿ ಎದ್ದಿತು. ಆ ಅಲಾಯ್‌ಗಳ ಭಾರ ಇಳಿದಿತ್ತಲ್ಲ. ಒರಟು ಜಾಗಗಳಲ್ಲಿ ಟೈರು ನೆಗೆಯದೆ ರಸ್ತೆಗೆ ಅಂಟಿಕೊಂಡು ಹೋಗುತ್ತಿತ್ತು. ಹಿಡಿತ ಅಂದರೆ ಅದು. ಗಾಲಿ ಗಾಳಿಯಲ್ಲಿದ್ದಾಗ ಬ್ರೇಕು ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಆ ಗಾಡಿಯ ಟೈರು ಆಮೇಲೂ ಒಮ್ಮೆ ಸವೆಯಿತು. ಹುಡುಗ ನನ್ನನ್ನು ಕೇಳದೆಯೇ ಮತ್ತೆ 195/60 ತಂದ.

ನಿಮ್ಮ ಮನೆಯಲ್ಲೂ ಇಂಥ ಗಾಡಿ, ಇಂಥ ಆಸೆ ಇದ್ದರೆ ರಿಮ್ಮಿನ ಇಂಚು ಕೇಳುವ ಮೊದಲು ಸೈಡ್‌ವಾಲಿನ ಎತ್ತರದ ಲೆಕ್ಕ ಹಾಕಿ. 100 ಮಿಲಿಮೀಟರಿಗಿಂತ ಕಡಿಮೆಯಾದರೆ ನಮ್ಮ ಊರಿನ ರಸ್ತೆಗೆ ಬೇಡವೇ ಬೇಡ ಅನ್ನುವುದು ನನ್ನ ಮಾತು. ಗುಂಡಿಗೆ ಬಿದ್ದ ದಿನ ಟೈರಿನ ಹೊರಮೈ ನೋಡಿ ಸಮಾಧಾನಪಡಬೇಡಿ, ಒಳಮೈಯನ್ನೂ ಕೈಯಿಂದ ಸವರಿ. ಉಬ್ಬು ಸಿಕ್ಕರೆ ಆ ಟೈರನ್ನು ಅಲ್ಲಿಗೇ ಬಿಚ್ಚಿಸಿಬಿಡಿ.