ಮಲ್ಪೆಯಾಚೆಯ ಕಂಬಗಳು

ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿದ ಮರುದಿನವೇ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವುದರಲ್ಲಿ ಒಂದು ಅನುಕೂಲವಿದೆ. ಕಣ್ಣಲ್ಲಿ ಇನ್ನೂ ಕಂಬಗಳೇ ತುಂಬಿರುತ್ತವೆ. ಹಾಸನದ ಕಡೆಯ ನಿವೃತ್ತ ಅಧ್ಯಾಪಕರ ತಂಡವೊಂದು ಒಂದು ಜನವರಿಯಲ್ಲಿ ಹೀಗೆಯೇ ಮಾಡಿತು. 1430ರ ಆ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಎಂಬ ಮಾತನ್ನು ಪರೀಕ್ಷಿಸಲು ಹೋಗಿ ಕೆಲವರು ಅರ್ಧ ದಿನವನ್ನೇ ಅಲ್ಲಿ ಕಳೆದಿದ್ದರು.

ಮಲ್ಪೆಯ ಬಂದರಿನಿಂದ ದೋಣಿ ಹೊರಟಾಗ ಬೆಳಗಿನ ಹತ್ತು ಗಂಟೆ. ಮೀನುಗಾರಿಕೆಯ ಬೋಟುಗಳ ಸಾಲು ಹಿಂದೆ ಸರಿದು, ನೀರಿನ ಬಣ್ಣ ಬದಲಾಗುತ್ತಿದ್ದಂತೆ ತಂಡದ ಹಿರಿಯರಾದ ಇತಿಹಾಸದ ಮೇಷ್ಟ್ರು ಎದ್ದುನಿಂತರು. ವಯಸ್ಸು ಎಪ್ಪತ್ತನಾಲ್ಕು, ಕಂಠ ಮಾತ್ರ ತರಗತಿಯದೇ. 1498ರಲ್ಲಿ ವಾಸ್ಕೋಡಗಾಮನು ಕಲ್ಲಿಕೋಟೆಯನ್ನು ಮುಟ್ಟುವುದಕ್ಕೆ ಮೊದಲೇ ಈ ದ್ವೀಪದಲ್ಲಿ ಕಾಲಿಟ್ಟನೆಂದೂ, ಕಲ್ಲಿನ ಕಂಬವೊಂದನ್ನು ನೆಟ್ಟು ಸಂತ ಮೇರಿಯ ಹೆಸರಿಟ್ಟನೆಂದೂ, ಆದ್ದರಿಂದ ಭಾರತದ ಆಧುನಿಕ ಇತಿಹಾಸ ಆರಂಭವಾದದ್ದು ಕನ್ನಡನಾಡಿನ ಕಡಲಿನಲ್ಲೆಂದೂ ವಿವರಿಸಿದರು. ಮೂವತ್ತೆರಡು ವರ್ಷ ಮಕ್ಕಳಿಗೆ ಹೇಳಿದ ಪಾಠವದು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಕಾಲಕ್ಕೆ ಅವರ ಶಿಷ್ಯನಾಗಿದ್ದು, ಮುಂದೆ ತಾನೂ ಇತಿಹಾಸದ ಉಪನ್ಯಾಸಕನಾಗಿ ನಿವೃತ್ತನಾದವನೊಬ್ಬ ಮಾತ್ರ ನೀರಿನತ್ತ ನೋಡುತ್ತಿದ್ದ.

ಅರ್ಧ ಗಂಟೆಯಲ್ಲಿ ದ್ವೀಪ ಬಂದಿತು. ತೆಂಗಿನ ಮರಗಳು, ಮರಳಿಗಿಂತ ಹೆಚ್ಚಾಗಿ ಚಿಪ್ಪುಗಳು, ಜನವಸತಿ ಇಲ್ಲ. ನಾಲ್ಕಾರು ದ್ವೀಪಗಳ ಸಾಲಿನಲ್ಲಿ ಪ್ರವಾಸಿಗರು ಇಳಿಯುವ ಈ ತೆಂಗಿನ ದ್ವೀಪವನ್ನು ಸ್ಥಳೀಯರು ತೋನ್ಸೆಪಾರ್ ಎಂದೂ ಕರೆಯುತ್ತಾರೆ. ಉದ್ದ ಅರ್ಧ ಕಿಲೋಮೀಟರಿನಷ್ಟು. ಪಡುವಣ ಅಂಚಿಗೆ ನಡೆದುಹೋದಾಗ ಎಲ್ಲರ ಮಾತು ನಿಂತಿತು. ಕಡಲೊಳಗಿಂದ ಎದ್ದುಬಂದಂತೆ ನೂರಾರು ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿದ್ದವು. ಕೆಲವು ಆಳೆತ್ತರ, ಕೆಲವು ಅದರ ಮೂರು ಪಾಲು. ತಲೆಮುರಿದವುಗಳ ಮೇಲೆ ನಿಂತು ಕೆಳಗೆ ನೋಡಿದರೆ ಜೇನುಹಟ್ಟಿಯ ಮೇಲೆ ನಿಂತಂತೆ.

“ಇದನ್ನು ಕಡೆದ ಶಿಲ್ಪಿ ಯಾರು ಮೇಡಂ?” ಎಂದು ಒಬ್ಬರು ತಮಾಷೆ ಮಾಡಿದರು. ಭೂವಿಜ್ಞಾನ ಕಲಿಸಿದ್ದ ಮೇಡಂ ತಮಾಷೆಗೆ ತಮಾಷೆಯಿಂದ ಉತ್ತರಿಸಲಿಲ್ಲ. ಬೇಸಗೆಯಲ್ಲಿ ಕೆರೆಯ ಅಂಗಳ ಒಣಗಿ ಬಿರುಕು ಬಿಡುವುದನ್ನು ನೆನೆಸಿಕೊಳ್ಳಿ ಎಂದರು. ಕಾದ ಲಾವಾ ತಣಿಯುತ್ತ ಕುಗ್ಗುತ್ತದೆ, ಕುಗ್ಗಿದ್ದು ಬಿರಿಯುತ್ತದೆ, ಬಿರುಕು ಮೇಲ್ಮೈಯಿಂದ ಒಳಕ್ಕೆ ನೇರವಾಗಿ ಇಳಿಯುತ್ತ ಹೋಗಿ ಕಂಬವಾಗುತ್ತದೆ. ಹೆಚ್ಚಿನವಕ್ಕೆ ಐದೋ ಆರೋ ಮುಖ. ಹೆಸರಿಗೆ ಇದನ್ನು ಬಸಾಲ್ಟ್ ಎಂದು ಕರೆಯುವುದು ರೂಢಿಯಾದರೂ ಸಿಲಿಕಾ ಹೆಚ್ಚಿರುವ ಈ ಶಿಲೆ ರಯೋಲೈಟ್, ಡೇಸೈಟ್ ಜಾತಿಯದು. ಉತ್ತರ ಕರ್ನಾಟಕದ ಎರೆಮಣ್ಣಿಗೆ ಮೂಲವಾದ ದಖನ್ನಿನ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಇದು ಅದಕ್ಕೂ ಹಿರಿಯದು, ಸುಮಾರು 8.8 ಕೋಟಿ ವರ್ಷ. ಭಾರತದ ಪಡುವಣ ಅಂಚಿಗೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರ್ಪಟ್ಟ ಕಾಲದ ಬೆಂಕಿ. “ಈ ಕಂಬಗಳ ದಾಯಾದಿಗಳು ಈಗ ಆಫ್ರಿಕದ ಮಗ್ಗುಲಲ್ಲಿದ್ದಾರೆ” ಎಂದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಈ ತಾಣವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿರುವುದು ಈ ಕಾರಣಕ್ಕೇ. ಗಾಮನ ಕಾರಣಕ್ಕಲ್ಲ.

ಮೇಷ್ಟ್ರು ಆ ಹೊತ್ತಿಗೆ ಬೇರೆಯೇ ಒಂದು ಕಂಬವನ್ನು ಹುಡುಕುತ್ತಿದ್ದರು. ಗಾಮ ನೆಟ್ಟದ್ದು ಎಲ್ಲಿರಬಹುದೆಂದು ತೆಂಗಿನ ಮರಗಳ ನಡುವೆ ತಿರುಗಾಡಿದರು. ಅಂಥದ್ದೇನೂ ಈಗ ಅಲ್ಲಿಲ್ಲ. ಬಳಲಿ ಒಂದು ಮೊಂಡು ಕಂಬದ ಮೇಲೆ ಕುಳಿತಾಗ ಶಿಷ್ಯ ನೀರಿನ ಬಾಟಲಿ ತಂದುಕೊಟ್ಟ. ಆಮೇಲೆ, ಬಹಳ ತಡವರಿಸಿ, ಹೇಳಬೇಕಾದದ್ದನ್ನು ಹೇಳಿದ.

ಆ ಯಾತ್ರೆಯ ಹಡಗಿನಲ್ಲಿದ್ದ ಒಬ್ಬನು ಬರೆದಿಟ್ಟ ದಿನಚರಿಯು ಉಳಿದುಬಂದಿದೆ. ಅದರ ಪ್ರಕಾರ ಗಾಮನು 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆಯ ಬಳಿಗೆ ಬಂದ. ಅಲ್ಲಿನ ಸಾಮೂದಿರಿಯೊಡನೆ ವ್ಯವಹಾರ ಕೆಟ್ಟು ಆಗಸ್ಟ್ ಕೊನೆಯಲ್ಲಿ ಹಿಂದಿರುಗಿ ಹೊರಟ. ಸಂತ ಮೇರಿಯ ಹೆಸರಿನ ಕಂಬವನ್ನು ಕಿರುದ್ವೀಪವೊಂದರಲ್ಲಿ ನೆಟ್ಟದ್ದು ಆ ಮರುಪ್ರಯಾಣದಲ್ಲಿ. ಅಲ್ಲಿಂದ ಮುಂದೆ ಕಾರವಾರದ ಬಳಿಯ ಅಂಜದೀವಕ್ಕೆ ಹೋಗಿ, ಅಕ್ಟೋಬರಿನಲ್ಲಿ ಭಾರತವನ್ನು ಬಿಟ್ಟ. ಕಂಬ ನೆಟ್ಟದ್ದು ಸುಳ್ಳಲ್ಲ, ‘ಮೊದಲು’ ಎಂಬ ಒಂದು ಮಾತು ಮಾತ್ರ ಸುಳ್ಳು. ಅದನ್ನು ಸೇರಿಸಿದವರು ಯಾರೆಂದು ಹುಡುಕುವುದು ವ್ಯರ್ಥ. ಊರಿನ ಅಭಿಮಾನಕ್ಕೆ ಆ ಮಾತು ಬೇಕಾಗಿತ್ತು, ಪಾಠಗಳಿಗೂ ಒಗ್ಗಿಹೋಯಿತು.

“ನೀನು ಇದನ್ನು ಓದಿದ್ದು ಯಾವಾಗ?”

“ಹದಿನೈದು ವರ್ಷವಾಯಿತು ಸರ್.”

“ಹದಿನೈದು ವರ್ಷ. ನನಗೆ ಹೇಳಲಿಲ್ಲ.”

“ಹೇಳಲು ಧೈರ್ಯ ಬರಲಿಲ್ಲ ಸರ್. ನೀವು ಅಷ್ಟು ಚೆನ್ನಾಗಿ ಹೇಳುತ್ತಿದ್ದಿರಿ.”

ಮೇಷ್ಟ್ರು ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ ಕುಳಿತರು. ಅವರ ಮನಸ್ಸಿನಲ್ಲಿ ಎಷ್ಟು ತರಗತಿಗಳು, ಎಷ್ಟು ಉತ್ತರಪತ್ರಿಕೆಗಳು ಹಾದುಹೋದವೋ! ಸರಿಯೆಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿದ ಉತ್ತರಗಳನ್ನು ಈಗ ಮರಳಿ ಕರೆಸಿಕೊಳ್ಳುವಂತಿಲ್ಲ. ಶಿಷ್ಯನೂ ಪಕ್ಕದ ಕಂಬದ ಮೇಲೆ ಕುಳಿತ. ದೋಣಿಯ ಹುಡುಗ ಸೀಟಿ ಊದುವವರೆಗೆ ಇಬ್ಬರೂ ಏಳಲಿಲ್ಲ.

ಹಿಂತಿರುಗುವ ದೋಣಿಯಲ್ಲಿ ಬೇರೆ ಊರಿನ ಕುಟುಂಬವೊಂದಿತ್ತು. ಎಂಟು ವರ್ಷದ ಹುಡುಗನೊಬ್ಬ ಏನನ್ನೋ ಕೇಳಿದ್ದಕ್ಕೆ ತಂದೆ, “ವಾಸ್ಕೋಡಗಾಮ ಇಂಡಿಯಾದಲ್ಲಿ ಮೊದಲು ಇಳಿದದ್ದು ಇಲ್ಲೇ ಪುಟ್ಟ” ಎನ್ನುತ್ತಿದ್ದರು. ಶಿಷ್ಯ ಮೇಷ್ಟ್ರ ಮುಖವನ್ನು ನೋಡಿದ. ಅವರು ಕಂಬಿ ಹಿಡಿದು ಹುಡುಗನತ್ತ ಬಾಗಿದರು.

“ಮೊದಲಲ್ಲ ಮಗು, ವಾಪಸು ಹೋಗುವಾಗ. ನಾನೂ ಇವತ್ತೇ ತಿಳಿದುಕೊಂಡೆ.”

“ಮತ್ತೆ ಆ ಕಲ್ಲಿನ ಕಂಬ ಎಲ್ಲ ಅವನೇ ನೆಟ್ಟದ್ದಾ ತಾತ?”

“ಅದನ್ನು ಆ ಮೇಡಂ ಹೇಳುತ್ತಾರೆ” ಎಂದು ಮೇಷ್ಟ್ರು ಸ್ವಲ್ಪ ಸರಿದು, ಹುಡುಗನಿಗೆ ದಾರಿ ಬಿಟ್ಟುಕೊಟ್ಟರು.