ಎರಡು ನಿಮಿಷದ ವಿಮಾನ

ಯಾವ ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೂ ಕಂಪ್ಯೂಟರ್ ನೇರ ಗೆರೆ ಎಳೆದು ದೂರ ಅಳೆಯುತ್ತದೆ, ವೇಗದಿಂದ ಭಾಗಿಸುತ್ತದೆ, ಏರುವುದಕ್ಕೂ ಇಳಿಯುವುದಕ್ಕೂ ಅಂತ ಒಂದಷ್ಟು ನಿಮಿಷ ಸೇರಿಸಿ ಹಾರಾಟದ ಸಮಯ ಹೇಳಿಬಿಡುತ್ತದೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ಈ ಲೆಕ್ಕ ಕೆಲಸಕ್ಕೆ ಬಾರದು. ಅಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಬರೀ 2.7 ಕಿಲೋಮೀಟರ್. ವೇಳಾಪಟ್ಟಿಯ ಪ್ರಕಾರ ಎರಡು ನಿಮಿಷ. ಗಾಳಿ ಒಲಿದರೆ ಅಷ್ಟೂ ಬೇಡ. ದಾಖಲೆ 53 ಸೆಕೆಂಡ್.

ಲೋಗನೇರ್ ಸಂಸ್ಥೆ 1967ರಲ್ಲಿ ಈ ದಾರಿಯನ್ನು ಆರಂಭಿಸಿತು. ಹಾರುವುದು ಬ್ರಿಟನ್-ನಾರ್ಮನ್ ಐಲ್ಯಾಂಡರ್: ಎರಡು ಎಂಜಿನ್ನಿನ ಪುಟ್ಟ ವಿಮಾನ, ಪೈಲಟ್ ಪಕ್ಕದ ಸೀಟೂ ಪ್ರಯಾಣಿಕರದ್ದೇ. ಚಕ್ರಗಳನ್ನು ಒಳಗೆಳೆದುಕೊಳ್ಳುವ ಗೋಜೇ ಇಲ್ಲ, ಅವು ಸದಾ ಕೆಳಗೇ ಇರುತ್ತವೆ. ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದಲ್ಲಿ ಆ ದೂರಕ್ಕೆ ನಲವತ್ತು ಸೆಕೆಂಡ್ ಸಾಕು. ಉಳಿದ ಸಮಯವೆಲ್ಲ ಗಾಳಿಗೆ ಸೇರಿದ್ದು. ಗಾಳಿಗೆ ಮುಖಮಾಡಿ ಏರಬೇಕು, ಮತ್ತೆ ಗಾಳಿಗೆ ಮುಖಮಾಡಿಯೇ ಇಳಿಯಬೇಕು. ಅದು ಬೀಸುವ ದಿಕ್ಕಿಗೆ ತಕ್ಕಂತೆ ಸುತ್ತು ಹಿಗ್ಗುತ್ತದೆ.

ಜಗತ್ತು ಇದನ್ನು ಅತಿ ಚಿಕ್ಕ ವಿಮಾನಯಾನವೆಂದು ಕೊಂಡಾಡುತ್ತದೆ. ಆ ದಾಖಲೆಗೆಂದೇ ಟಿಕೆಟ್ ಕೊಳ್ಳುವವರೂ ಇದ್ದಾರೆ. ನನಗೆ ಮುಖ್ಯವೆನಿಸುವುದು ಪಾಪಾ ವೆಸ್ಟ್ರೇಯ ಜನ, ನೂರಕ್ಕೂ ಕಡಿಮೆ. ಅವರಲ್ಲಿಗೆ ವೈದ್ಯರು, ಶಿಕ್ಷಕರು ಬರುವುದು ಈ ವಿಮಾನದಲ್ಲಿ. ಆ ದ್ವೀಪದಲ್ಲಿ ಐದು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಮನೆಯೊಂದಿದೆ, ಹೆಸರು ನ್ಯಾಪ್ ಆಫ್ ಹವರ್. ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಮೊದಲೇ ಅಲ್ಲಿ ಜನ ಸಂಸಾರ ಹೂಡಿದ್ದರು. ಅಷ್ಟು ಹಳೆಯ ಊರು ಖಾಲಿಯಾಗದಿರಲು ಎರಡು ನಿಮಿಷದ ಹಾರಾಟವೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ನೀರು ಅಡ್ಡ ಬಂದಾಗ ಎರಡು ಕಿಲೋಮೀಟರ್ ಎಷ್ಟು ದೂರವೆಂದು ಶರಾವತಿ ಹಿನ್ನೀರಿನ ತುಮರಿಯವರನ್ನು ಕೇಳಬೇಕು. ಆಚೆ ದಡದ ಅಂಬಾರಗೋಡ್ಲು ಎದುರಿಗೇ ಕಾಣುತ್ತಿತ್ತು. ಆದರೂ ದಿನದ ಲಾಂಚ್ ಓಡಾಟ ನಿಂತ ಮೇಲೆ ಬಸುರಿಯನ್ನೋ ಹಾವು ಕಚ್ಚಿದವರನ್ನೋ ಸಾಗರಕ್ಕೆ ಒಯ್ಯಬೇಕಾದರೆ ಕಾಡುದಾರಿಯ ಸುತ್ತೇ ಗತಿಯಾಗಿತ್ತು. ಆ ಹಿನ್ನೀರು ನಿಲ್ಲಿಸಿದ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ, ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅಣೆಕಟ್ಟಿನ ವಿದ್ಯುತ್ತಿಗಾಗಿ ನೆಲ ಬಿಟ್ಟು ನಾಡಿಗೆ ಬೆಳಕು ಕೊಟ್ಟವರು ಅಷ್ಟು ವರ್ಷ ಕಾಯಬೇಕಾಯಿತು ಎನ್ನುವುದು ಈಗಲೂ ನನ್ನನ್ನು ಚುಚ್ಚುತ್ತದೆ.

ಆರ್ಕ್ನಿಯ ಈ ವಿಮಾನ ಟಿಕೆಟ್ ಹಣದಿಂದಷ್ಟೇ ನಡೆಯುವುದಿಲ್ಲ. ಸಾರ್ವಜನಿಕ ಹಣದ ಆಸರೆ ಇದೆ. ಚಿಕ್ಕ ಊರುಗಳಿಗೆ ವಿಮಾನ ತರುವ ನಮ್ಮ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲೂ ಸಹಾಯಧನವಿದೆ, ಆದರೆ ಒಂದು ಮಾರ್ಗಕ್ಕೆ ಮೂರು ವರ್ಷದ ಮಟ್ಟಿಗೆ. ಆಮೇಲೆ ಲಾಭ ಕಾಣದೆ ನಿಂತುಹೋದ ಮಾರ್ಗಗಳು ಹಲವು. ಚಿಕ್ಕ ಊರಿನ ಪ್ರಯಾಣಿಕರ ಸಂಖ್ಯೆ ಮೂರು ವರ್ಷದಲ್ಲಿ ಇಮ್ಮಡಿಯಾಗುವುದಿಲ್ಲ. ವೈದ್ಯರು ಬರಬೇಕಾದ ಊರಿಗೆ ಆ ಗಡುವನ್ನೇ ತೆಗೆದುಹಾಕಬೇಕು.